ಕ್ಯಾಮರಾಕ್ಕೆ ಜಾತಕ ಕೂಡಿದ್ದು

ಕಾಣಿಯೂರಿನ ಜ್ಯೋತಿಷಿ ಗೌರೀಶಂಕರ ಭಟ್ಟರಿಗೆ ಮನೆಯೊಳಗೆ ಇದ್ದದ್ದು ಒಂದೇ ಒಂದು ಆಯುಧ. ಹೆಂಡತಿ ಶಂಕರಿಯ ಜೊತೆ ಯಾವ ಮಾತಿಗೆ ಜಗಳ ಹತ್ತಿದರೂ ಕೊನೆಗೆ ಅದನ್ನು ತೆಗೆಯುತ್ತಿದ್ದರು: "ಮೂವತ್ತಾರಕ್ಕೆ ಮೂವತ್ತು ಗುಣ ಕೂಡಿದ ಜಾತಕ ನಮ್ಮದು. ತಪ್ಪು ಜಾತಕದಲ್ಲಿಲ್ಲ, ನಿನ್ನಲ್ಲಿ." ಮದುವೆಗೆ ಮೊದಲು ಜಾತಕ ನೋಡಿದ್ದು ಸ್ವತಃ ಭಟ್ಟರೇ. ಹಾಗಾಗಿ ಜಗಳ ಅಲ್ಲಿಗೆ ಮುಗಿದು ಭಟ್ಟರು ಗೆದ್ದಂತಾಗುತ್ತಿತ್ತು.

ಆದರೆ ಕ್ಯಾಮರಾದ ವಿಷಯದಲ್ಲಿ ಆ ಆಯುಧ ನಡೆಯಲಿಲ್ಲ. ಮಗಳು ರಮ್ಯಶ್ರೀಯ ಮದುವೆಯ ವಿಡಿಯೋದಲ್ಲಿ ಸ್ಟುಡಿಯೋದವರು ಪರದೆ ತುಂಬ ಗುಲಾಬಿ ಹೂ ತಿರುಗಿಸಿದ್ದೇ ತಿರುಗಿಸಿದ್ದು. ಮದುಮಗಳ ತಾಯಿ ಕಂಡದ್ದು ಒಮ್ಮೆ, ಅದೂ ಬೆನ್ನು. ಆ ಸಿಟ್ಟಿಗೆ ಶಂಕರಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ ವಿಡಿಯೋ ಎಡಿಟಿಂಗ್ ಕಲಿತಿದ್ದಳು. ಈಗ ಮಗಳ ಸೀಮಂತ ಹತ್ತಿರ ಬಂದಿತ್ತು. ಕ್ಯಾಮರಾ ಯಾವುದಾದರೂ ಸರಿ, ತನ್ನ ಸಾಫ್ಟ್‌ವೇರಿಗೆ ಕೂಡಿಬರಬೇಕು, ಜಾತಕ ನೋಡುವವರು ತಾನೇ, ನೋಡಿ ತನ್ನಿ ಎಂದು ಗಂಡನನ್ನು ಪುತ್ತೂರಿಗೆ ಹೊರಡಿಸಿದಳು.

ಊರಿನ ಗಂಡು ಹೆಣ್ಣುಗಳನ್ನೆಲ್ಲ ಕೂಡಿಸಿದ ಭಟ್ಟರ ಬಾಯಿಗೆ ಆ ಸಾಫ್ಟ್‌ವೇರಿನ ಹೆಸರು ಕೂಡ ಹೊರಳಲಿಲ್ಲ. ಹೆಸರು ಬಾರದಿದ್ದರೆ ಹೆಣ್ಣನ್ನೇ ಕರೆದೊಯ್ಯುವುದು ವಾಸಿ ಎಂದು ಹೆಂಡತಿಯ ಕಂಪ್ಯೂಟರಿನ ಡಬ್ಬವನ್ನೇ ವಯರುಗಳಿಂದ ಬಿಚ್ಚಿ, ಶಾಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತರು. ಸವಣೂರಿನಲ್ಲಿ ಹತ್ತಿದ ಪರಿಚಯದ ದೇರಣ್ಣ ಅದನ್ನು ದೇವರ ಪೆಟ್ಟಿಗೆಯೆಂದು ತಿಳಿದು ಮುಟ್ಟಿ ಕಣ್ಣಿಗೊತ್ತಿಕೊಂಡ. ವಿಷಯ ತಿಳಿದ ಮೇಲೆ, ತೋಟದ ಅಡಿಕೆಗೆ ಸಿಂಪಡಿಸುವ ಮೈಲುತುತ್ತು ತರಲು ಹೊರಟವನು ಅದನ್ನು ಬಿಟ್ಟು ಭಟ್ಟರ ಜೊತೆಗೇ ಬಂದ. ಇಂಥ ವ್ಯಾಪಾರಕ್ಕೆ ಒಬ್ಬರೇ ಹೋದರೆ ಮೋಸ ಹೋಗುತ್ತಾರೆ ಎಂಬುದು ಅವನ ಸ್ವಂತ ಅನುಭವ.

ಪುತ್ತೂರಿನಲ್ಲಿ ಕ್ಯಾಮರಾ ಮಾರುವ ಸಾಹುಲ್ ಹಮೀದರ ಅಂಗಡಿಯಲ್ಲಿ ಡಬ್ಬವನ್ನು ಮಾನಿಟರಿಗೆ ಜೋಡಿಸಿ ವರಾನ್ವೇಷಣೆ ಸುರುವಾಯಿತು. ಕ್ಯಾಸೆಟ್ ಹಾಕುವ ಕ್ಯಾಮರಾದ ವಯರು ಸಿಕ್ಕಿಸಲು ಡಬ್ಬದಲ್ಲಿ ಜಾಗವೇ ಇರಲಿಲ್ಲ. ಸೀಡಿ ಹಾಕುವ ಕ್ಯಾಮರಾದಿಂದ ಚಿತ್ರ ಬಂತು, ಧ್ವನಿ ಬರಲಿಲ್ಲ. ಮಾತಾಡದ ಅಳಿಯ ಒಳ್ಳೆಯದೇ ಎಂದು ದೇರಣ್ಣ ಶಿಫಾರಸು ಮಾಡಿದ. ತೀರ ಹೊಸ ಮಾಡೆಲಿನದನ್ನು ಜೋಡಿಸಿದಾಗ ಡಬ್ಬ ಏದುಸಿರು ಬಿಟ್ಟು ನಿಂತೇಹೋಯಿತು. ಭಟ್ಟರು ಬೆವೆತರು. ಡಬ್ಬ ಸತ್ತರೆ ಅವರು ಕಾಣಿಯೂರಿನ ಬಸ್ಸು ಹತ್ತುವ ಹಾಗಿರಲಿಲ್ಲ.

"ಎಷ್ಟು ಮನೆಯ ಹುಡುಗಿಯರನ್ನು ದಡ ಸೇರಿಸಿದ್ದೇನೆ ಮಾರಾಯ, ಒಂದು ಡಬ್ಬಕ್ಕೆ ವರ ಹುಡುಕಲಿಕ್ಕೆ ನನ್ನಿಂದ ಆಗುದಿಲ್ಲ" ಎಂದು ದೇರಣ್ಣನ ಮುಂದೆ ತಮ್ಮನ್ನೇ ಹಳಿದುಕೊಂಡರು.

ಸಾಹುಲ್ ಹಮೀದ್ ಡಬ್ಬವನ್ನು ಹೇಗೋ ಮತ್ತೆ ಎಬ್ಬಿಸಿದರು. ಒಳಗಿನಿಂದ ಹಳೆಯ ಸ್ಟಾಕಿನ, ಕಾರ್ಡ್ ಹಾಕುವ ಕ್ಯಾಮರಾ ತಂದು ಅಂಗಡಿಯ ಫ್ಯಾನನ್ನು ಸ್ವಲ್ಪ ಹೊತ್ತು ಶೂಟ್ ಮಾಡಿ ಜೋಡಿಸಿದರು. ಚಿತ್ರ ಬಂತು. ಧ್ವನಿಯೂ ಬಂತು. ಕತ್ತರಿಸಿದಲ್ಲಿ ಕತ್ತರಿಸಿತು, ಅಂಟಿಸಿದಲ್ಲಿ ಅಂಟಿತು.

ಭಟ್ಟರಿಗೆ ಹಿಗ್ಗು ತಡೆಯಲಿಲ್ಲ. ಸಾಹುಲ್ ಹಮೀದ್ ಬಿಲ್ಲು ಬರೆಯುವಷ್ಟರಲ್ಲಿ ದೇರಣ್ಣ ಕ್ಯಾಮರಾ ಎತ್ತಿಕೊಂಡು, ಕಂಡ ಗುಂಡಿ ಒತ್ತಿ, ಅದರ ಪುಟ್ಟ ಪರದೆಯಲ್ಲಿ ಭಟ್ಟರನ್ನು ನೋಡುತ್ತಿದ್ದ.

"ಇದು ನೋಡು ಮೇಳಾಮೇಳಿ ಅಂದ್ರೆ. ಮೂವತ್ತಾರಕ್ಕೆ ಮೂವತ್ತಾರು" ಎಂದರು ಭಟ್ಟರು. "ನನ್ನ ಮದುವೆಗೆ ಕೂಡಿದ್ದು ಬರೀ ಹನ್ನೊಂದು, ಗೊತ್ತುಂಟಾ? ಹುಡುಗಿ ಮನಸ್ಸಿಗೆ ಹಿಡಿದಿತ್ತು, ಎಂತ ಮಾಡುದು? ಮೂವತ್ತು ಅಂತ ಬರೆದು ಅಪ್ಪನ ಕೈಗೆ ಕೊಟ್ಟೆ. ಶಂಕರಿಗೆ ಇವತ್ತಿಗೂ ಗೊತ್ತಿಲ್ಲ."

ದೇರಣ್ಣ ಮೆಚ್ಚಿ ತಲೆಯಾಡಿಸಿದ. "ಇದಕ್ಕೊಂದು ಕೆಂಪು ದೀಪವೂ ಉಂಟು ಭಟ್ರೇ. ಕರೆಂಟು ಹೋದ್ರೆ ಆಗ್ತದೆ" ಎಂದು ಕ್ಯಾಮರಾವನ್ನು ಪೆಟ್ಟಿಗೆಗೆ ಹಾಕಿ ಕೊಟ್ಟ.

ಸಂಜೆ ಮನೆ ಸೇರಿದ ಭಟ್ಟರಿಗೆ ಶಂಕರಿ ನೆಂಟರಿಗೆ ಕೊಡುವ ಹಾಗೆ ಬೆಲ್ಲ ನೀರು ಕೊಟ್ಟಳು. ಡಬ್ಬ ಜೋಡಿಸಿ ಕಾರ್ಡ್ ಹಾಕಿದಳು. ಮೊದಲು ಅಂಗಡಿಯ ಫ್ಯಾನು ತಿರುಗಿತು. ಆಮೇಲೆ ಭಟ್ಟರು ಕಾಣಿಸಿಕೊಂಡು ಮಾತಾಡಿದರು. ಧ್ವನಿ ಬಹಳ ಸ್ಪಷ್ಟವಾಗಿತ್ತು.

ಭಟ್ಟರು ಬೆಲ್ಲ ನೀರಿನ ಲೋಟ ಕೆಳಗಿಟ್ಟರು. ಅದನ್ನು ಕತ್ತರಿಸಿಬಿಡು, ಕತ್ತರಿಸಲಿಕ್ಕೇ ಅಲ್ಲವೇ ನೀನು ಇಷ್ಟೆಲ್ಲ ಕಲಿತದ್ದು ಎಂದು ಬೇಡಿಕೊಂಡರು. ಶಂಕರಿ ಫ್ಯಾನನ್ನು ಕತ್ತರಿಸಿ ಭಟ್ಟರನ್ನು ಉಳಿಸಿಕೊಂಡಳು. ಹುಡುಗಿ ಮನಸ್ಸಿಗೆ ಹಿಡಿದಿತ್ತು ಎಂಬಲ್ಲಿಗೆ ಹಿಂದೆ ಹೋಗಿ ಇನ್ನೊಮ್ಮೆ ನೋಡಿದಳು, ಮತ್ತೂ ಒಮ್ಮೆ ನೋಡಿದಳು. ಅವಳ ಮುಖದಲ್ಲಿ ಸಣ್ಣ ನಗೆ ಕಂಡು ಭಟ್ಟರಿಗೆ ಹೋದ ಜೀವ ಬಂದಂತಾಯಿತು. ಹೆಂಡತಿಯನ್ನು ಒಲಿಸುವುದರಲ್ಲಿ ಈ ವಯಸ್ಸಿನಲ್ಲೂ ತಾನು ಅಂಥ ದಡ್ಡನಲ್ಲ ಎಂದುಕೊಂಡರು.

"ಹಾಗಾದ್ರೆ ಆ ಮೂವತ್ತು ಗುಣ ಹೇಳಿ ನೀವು ಗೆದ್ದ ಜಗಳ ಒಂದೂ ಗೆದ್ದದ್ದಲ್ಲ" ಎಂದಳು ಶಂಕರಿ. ಕಾರ್ಡನ್ನು ತೆಗೆದು ಕ್ಯಾಮರಾಕ್ಕೆ ಹಾಕಿ, ಅದನ್ನು ಗಂಡನ ಮುಖಕ್ಕೆ ನೇರ ಹಿಡಿದಳು. ಕೆಂಪು ದೀಪ ಹತ್ತಿತು.

"ಎಲ್ಲ ಜಗಳ ಮೊದಲಿನಿಂದ ಮಾಡುವ. ಮದುವೆಯಾದ ವರ್ಷ, ನನ್ನ ಅಮ್ಮನ ಹಲಸಿನ ಹಪ್ಪಳ ದಪ್ಪ ಅಂದಿದ್ರಲ್ಲ, ಅಲ್ಲಿಂದ. ಹ್ಞಾಂ, ಹೇಳಿ."