ಉಳಿದ ಅರ್ಧ ತಲೆ

ಜ್ವರ ಎಂದರೆ ಹಣೆ ಮುಟ್ಟಿ ನೋಡಬಹುದು, ಕಾಲುನೋವು ಎಂದರೆ ಕುಂಟುವುದು ಕಾಣುತ್ತದೆ. ತಲೆನೋವಿಗೆ ಮಾತ್ರ ಸಾಕ್ಷಿಯಿಲ್ಲ. ಹಾಗಾಗಿ ಹನ್ನೊಂದು ವರ್ಷ ನಾನು ಯಾರ ತಲೆನೋವನ್ನೂ ನಂಬಲಿಲ್ಲ. ಹರಿಹರದ ಹತ್ತಿರದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ನನ್ನ ಲೈನಿನಲ್ಲಿ ನಲವತ್ತು ಹೊಲಿಗೆ ಯಂತ್ರಗಳು. "ಅಕ್ಕಾ, ಅರ್ಧ ತಲೆ ಸಿಡೀತೈತ್ರೀ" ಎಂದು ಯಾರಾದರೂ ಬಂದರೆ, "ಉಳಿದ ಅರ್ಧದಾಗ ಹೊಲಿಯವ್ವ" ಎನ್ನುತ್ತಿದ್ದೆ. ಈ ಮಾತನ್ನು ಮನೆಯಲ್ಲಿ ಯಜಮಾನರಿಗೂ ಹೇಳಿ ನಕ್ಕಿದ್ದೆ. ಅವರು ನಗಲಿಲ್ಲ. ಪಾಪ, ಹಾಸ್ಯ ಅರ್ಥವಾಗುವುದಿಲ್ಲ ಎಂದುಕೊಂಡೆ.

ಕಳೆದ ಬೇಸಿಗೆಯಲ್ಲಿ ಒಂದು ಅರ್ಜೆಂಟ್ ಆರ್ಡರ್ ಬಂತು. ಅವತ್ತು ದಾವಣಗೆರೆಯ ಆನೆಕೊಂಡದ ಮನೆಯಿಂದ ತಿಂಡಿಯನ್ನೂ ತಿನ್ನದೆ ಓಡಿಬಂದು ಕಂಪನಿ ಬಸ್ಸು ಹತ್ತಿದ್ದೆ. ನನ್ನ ಲೈನಿನ ಶಾಹಿದಾ ಹೊಲಿದ ಕಾಲರುಗಳನ್ನು ನೋಡುತ್ತಿದ್ದೆ. ನಮ್ಮಲ್ಲಿ ಅವಳಷ್ಟು ಅಚ್ಚುಕಟ್ಟಾಗಿ ಹೊಲಿಯುವವರಿಲ್ಲ. ಆದರೆ ಅಂದು ಅವಳ ಹೊಲಿಗೆ ಹಾವಿನಂತೆ ಹರಿದಾಡುತ್ತಿತ್ತು. ಹಿಂದಿನ ವಾರ ತಲೆನೋವೆಂದು ಅವಳು ಕೇಳಿದ ರಜೆಯನ್ನು ನಾನು ಕೊಟ್ಟಿರಲಿಲ್ಲ. ಅದರ ಸೇಡು ಎಂದುಕೊಂಡು ಒಂದು ಕಟ್ಟು ಕಾಲರನ್ನು ಬಿಚ್ಚಿ ಹೊಲಿಯಲು ವಾಪಸು ಎಸೆದೆ.

"ಹೊಲಿಗೆ ನೆಟ್ಟಗೈತಲ್ರೀ ಅಕ್ಕಾ" ಎಂದಳು ಶಾಹಿದಾ.

"ಸೊಟ್ಟ ಐತೆ. ಮಿಂಚ್ತಾನೂ ಐತೆ!"

ಅವಳು ನನ್ನ ಮುಖವನ್ನೇ ನೋಡಿದಳು. "ಮಿಂಚ್ತೈತಾ? ಬರ್ರಿ, ಕೂಡ್ರಿ. ಇನ್ನು ಅರ್ಧ ತಾಸಿಗೆ ತಲೆನೋವು ಶುರುವಾಗ್ತೈತೆ ನೋಡ್ರಿ. ನಂಗೂ ಹಿಂಗೇ ಆಗೋದು."

ಅರ್ಧ ತಾಸೂ ಬೇಕಾಗಲಿಲ್ಲ. ಬಟ್ಟೆ ಥಾನುಗಳ ಕತ್ತಲೆ ಕೋಣೆಯಲ್ಲಿ ನನ್ನನ್ನು ಮಲಗಿಸಿ, ಕಣ್ಣಿಗೆ ಒದ್ದೆ ಬಟ್ಟೆ ಹಾಕಿ, ವಾಂತಿಗೆ ಬಕೆಟ್ಟು ಹಿಡಿದು ಕೂತಳು. ನನ್ನ ಮಾತನ್ನೇ ನನಗೆ ತಿರುಗಿಸಿ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ದಾವಣಗೆರೆಯ ಡಾಕ್ಟರಮ್ಮ ಮೈಗ್ರೇನ್ ಎಂದರು; ನೆಟ್ಟಗಿನ ಹೊಲಿಗೆ ಸೊಟ್ಟ ಕಂಡದ್ದು, ಮಿಂಚಿದ್ದು ಅದರದೇ ಮುನ್ಸೂಚನೆಯಂತೆ. "ತಿಂಡಿ ತಿನ್ನಲ್ಲ, ನೀರು ಕುಡಿಯಲ್ಲ, ನಿದ್ದೆ ಇಲ್ಲ, ದಿನವೆಲ್ಲ ಗದ್ದಲ, ಕಣ್ಣಿಗೆ ಹೊಡೆಯೋ ಲೈಟು. ಬರದೆ ಇನ್ನೇನಮ್ಮ? ನಿಮ್ಮ ಲೈನಲ್ಲಿ ಇನ್ನು ಯಾರಿಗಿದೆ?" ನನಗೆ ಗೊತ್ತಿರಲಿಲ್ಲ.

ಮರುದಿನ ಲೈನಿನಲ್ಲಿ ಕೇಳಿದೆ. ಒಂದೊಂದಾಗಿ ಕೈಗಳು ಮೇಲೆದ್ದವು. ನಾನು ಎಣಿಸುವುದನ್ನೇ ಬಿಟ್ಟೆ. "ನೀರಾದ್ರೂ ಕುಡೀಬಾರದೇನ್ರೇ?" ಎಂದೆ.

"ಕುಡಿದ್ರ ಬಾತ್‌ರೂಮಿಗೆ ಹೋಗ್ಬೇಕಲ್ರೀ. ಹೋದ್ರ ನೀವು ಗಡಿಯಾರ ನೋಡ್ತೀರಿ" ಎಂದಳು ಹಿಂದಿನ ಸಾಲಿನವಳೊಬ್ಬಳು.

ಮ್ಯಾನೇಜರ್ ಬಳಿ ಎರಡು ದಿನ ಜಗಳವಾಡಿ, ಬೆಳಿಗ್ಗೆ ಹತ್ತಕ್ಕೆ ನೀರಿನ ಬಿಡುವು ಗಿಟ್ಟಿಸಿದೆ. ಅಂದಿನಿಂದ ಹತ್ತು ಹೊಡೆದರೆ ಸಾಕು, ಯಂತ್ರಗಳ ಸದ್ದನ್ನೂ ಮೀರಿ, "ಏಳ್ರಿ! ನೀರು ಕುಡೀರಿ! ಕಣ್ಣು ಮುಚ್ಚಿ ಕೂಡ್ರಿ!" ಎಂದು ಲೈನಿನುದ್ದಕ್ಕೂ ಕೂಗುತ್ತಾ ಓಡಾಡುತ್ತಿದ್ದೆ.

ಕಳೆದ ವಾರ ಶಾಹಿದಾ ಮೆಲ್ಲಗೆ ಬಂದಳು. "ಅಕ್ಕಾ, ಕುಡೀತೀವ್ರಿ. ನೀವು ಕೂಗಬ್ಯಾಡ್ರಿ. ಆ ಕೂಗಿಗೇ ತಲೆ ಹಿಡೀತೈತೆ."

ಬಾಯಿ ಮುಚ್ಚಿಕೊಂಡೆ. ಅಂದು ಲೈನಿನಲ್ಲಿ ಯಾರಿಗೂ ತಲೆನೋವು ಬರಲಿಲ್ಲ. ನನಗೊಬ್ಬಳಿಗೆ ಬಂತು: ಸಂಜೆಯವರೆಗೆ ಮಾತಾಡದೆ ಇದ್ದದ್ದಕ್ಕೆ.