ಲಿಫ್ಟಪ್ಪನ ಸೈಕಲ್ ದಿಗ್ವಿಜಯ

"ಮಗುವನ್ನು ಕರ್ಕೊಂಡು ಸೈಕಲ್ಲಲ್ಲೇ ಬರ್ತೀನಿ!" ಎಂದು ಲಿಫ್ಟಪ್ಪ ಫೋನಿನಲ್ಲಿ ಘೋಷಿಸಿಬಿಟ್ಟ. ಘೋಷಿಸಿದ ಕೂಡಲೇ ಎದೆ ಉಬ್ಬಿತು. ಹಿಂದೆಯೇ 'ಅಷ್ಟು ದೂರ ಆಗುತ್ತಾ?' ಎಂಬ ಅನುಮಾನವೂ ಹುಟ್ಟಿತು. ಪುಣ್ಯಕ್ಕೆ ಅನುಮಾನ ಫೋನಿನಲ್ಲಿ ಕೇಳಿಸುವುದಿಲ್ಲ!

ಆ ಕಡೆ ಇದ್ದವರು ಅವನ ಅತ್ತೆ, ಹೆಂಡತಿಯ ತಾಯಿ.

"ಅಳಿಯಂದಿರೇ, ಬಸ್ಸು ಅಂತ ಒಂದಿದೆ."

"ಗೊತ್ತು ಅತ್ತೆ."

"ರೈಲು ಅಂತಲೂ ಒಂದಿದೆ."

"ಅದೂ ಗೊತ್ತು. ನಾವು ಸೈಕಲ್ಲಲ್ಲೇ ಬರೋದು."

"ನಾವು ಅಂದ್ರೆ ಯಾರ್‍ಯಾರು?"

ಲಿಫ್ಟಪ್ಪ ತಡವರಿಸಿದ. "ನಾನು... ಪಾಪು."

ಊರಿನ ಎತ್ತರದ ಕಟ್ಟಡಗಳಲ್ಲಿ ಲಿಫ್ಟು ರಿಪೇರಿ ಮಾಡುವುದು ಅವನ ಕಸುಬು. ಹಾಗಾಗಿ ಲಿಫ್ಟಪ್ಪ. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ಮಗು ಕೂರಲು ಕಲಿಯುವ ಮೊದಲೇ ಜ್ವರ ಅಂತ ಮಲಗಿದವಳು ಮತ್ತೆ ಏಳಲಿಲ್ಲ. ಅಂದಿನಿಂದ ಅತ್ತೆಯದು ಒಂದೇ ಮಾತು: "ಪಾಪುನ ನನಗೆ ಕೊಡಿ. ನಿಮ್ಮ ಕೈಲಾಗಲ್ಲ." ಇವನದೂ ಒಂದೇ ಮಾತು: "ಊರಿನ ಜನವೆಲ್ಲ ನನ್ನ ಕೈಕೆಲಸ ನಂಬ್ಕೊಂಡು ಮೇಲೆ ಕೆಳಗೆ ಓಡಾಡ್ತಾರೆ! ಒಂದು ಪಾಪು ನೋಡ್ಕೊಳ್ಳೋಕೆ ಆಗಲ್ವಾ?"

ಮಾತು ಬೆಳೆದು ಪಂಥಕ್ಕೆ ಬಂದು ನಿಂತಿತ್ತು. ಕತ್ತಲಾಗುವುದರೊಳಗೆ ಲಿಫ್ಟಪ್ಪ ಸೈಕಲ್ಲಿನಲ್ಲಿ ಅತ್ತೆಯ ಮನೆ ತಲುಪಬೇಕು. ಮಗು ನಗುತ್ತಿರಬೇಕು. ಹಾಗಾದರೆ ಅತ್ತೆ ಮುಂದೆಂದೂ ಮಗುವನ್ನು ಕೇಳುವಂತಿಲ್ಲ. ಇಲ್ಲದಿದ್ದರೆ ಮಗು ಅಲ್ಲೇ ಉಳಿಯುತ್ತದೆ, ಇವನು ಖಾಲಿ ಗಾಡಿ ಎಳೆದುಕೊಂಡು ವಾಪಸ್ಸು ಬರಬೇಕು.

ಸೈಕಲ್ಲೇ ಏಕೆ? ರಜೆ ಬಂತೆಂದರೆ ಬೇರೆ ಗಂಡ ಹೆಂಡಿರು ಸಿನಿಮಾಕ್ಕೆ ಹೋಗುತ್ತಿದ್ದರು, ಇವರಿಬ್ಬರೂ ಸೈಕಲ್ಲು ತುಳಿದುಕೊಂಡು ಊರೂರು ಸುತ್ತುತ್ತಿದ್ದರು. ಪಾಪು ಕೂರುವಂತಾದ ಮೇಲೆ ಮೊದಲ ಸವಾರಿ ಅಜ್ಜಿ ಮನೆಗೇ ಎಂದು ಅವಳೇ ತೀರ್ಮಾನಿಸಿದ್ದಳು. ಸೈಕಲ್ಲಿನ ಹಿಂದೆ ಕೊಕ್ಕೆ ಹಾಕಿ ಎಳೆಯುವ, ಹಳದಿ ಮುಸುಕಿನ, ಎರಡು ಚಕ್ರದ ಪುಟ್ಟ ಗಾಡಿಯನ್ನೂ ಅವಳೇ ಆರಿಸಿ ತಂದಿದ್ದಳು. ಅದು ನಡುಮನೆಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಅದನ್ನು ದಾಟಿಕೊಂಡೇ ಅವನು ದಿನಾ ಕೆಲಸಕ್ಕೆ ಹೋಗುತ್ತಿದ್ದ.

ದಂಡಯಾತ್ರೆ ಬೆಳಿಗ್ಗೆಯೇ ಹೊರಟಿತು! ಗಾಡಿಯಲ್ಲಿ ಪಾಪು ಮಹಾರಾಣಿಯ ಹಾಗೆ ಕೂತಿದ್ದಳು. ಸುತ್ತ ಹಾಲಿನ ಬಾಟಲಿ, ಬಿಸಿನೀರಿನ ಫ್ಲಾಸ್ಕು, ಒರೆಸುವ ಬಟ್ಟೆ, ಬದಲಿಸುವ ಬಟ್ಟೆ, ಬದಲಿಸಿದ್ದನ್ನು ಮತ್ತೆ ಬದಲಿಸುವ ಬಟ್ಟೆ. ಪಾಪು ಮೊದಲು ಟೋಪಿ ಎಸೆದಳು. ಆಮೇಲೆ ಎಡಗಾಲಿನ ಕಾಲುಚೀಲ, ಆಮೇಲೆ ಗಿಲಕಿ. ಲಿಫ್ಟಪ್ಪ ಇಳಿದು ಹೆಕ್ಕುವುದು, ಅವಳು ಕೇಕೆ ಹಾಕಿ ಮತ್ತೆ ಎಸೆಯುವುದು! ಹಿಂದಿನಿಂದ ಬಂದ ಆಟೋದವನು ಇಣುಕಿ, "ಸಾರ್, ನೀವು ಊರಿಗೆ ಹೊರಟಿದ್ದೀರೋ, ರಸ್ತೆ ಗುಡಿಸ್ತಿದ್ದೀರೋ?" ಎಂದು ಕೇಳಿಯೇಬಿಟ್ಟ.

ಮಧ್ಯಾಹ್ನ ಇಳಿಜಾರಿನ ನೆತ್ತಿಯ ಮೇಲೆ ಸೈಕಲ್ಲಿನ ಹಿಂದಿನ ಚಕ್ರ ಠುಸ್ಸೆಂದಿತು. ಪಕ್ಕದಲ್ಲೇ ಒಂದು ಚಹಾ ಅಂಗಡಿ. ಪಾಪು ನಿದ್ದೆ ಹೋಗಿದ್ದಳು. ಲಿಫ್ಟಪ್ಪ ಗಾಡಿಯ ಕೊಕ್ಕೆ ಬಿಚ್ಚಿ, ಸದ್ದಾಗದಂತೆ ಮರದ ನೆರಳಿನಲ್ಲಿ ನಿಲ್ಲಿಸಿ, ಸೈಕಲ್ಲನ್ನು ಮಗುಚಿ ಪಂಕ್ಚರ್ ಹಾಕಿದ. ಎಂಥ ಕೆಲಸ! ಬೆನ್ನು ತಟ್ಟಿಕೊಳ್ಳಲು ಕೈ ಎಟುಕಲಿಲ್ಲ, ಅಷ್ಟೇ. ಬಳಿಕ ಲಿಫ್ಟನ್ನು ಪರೀಕ್ಷಿಸುವ ಗತ್ತಿನಲ್ಲಿ ಒಂದೊಂದನ್ನೇ ಮುಟ್ಟಿ ಗಟ್ಟಿಯಾಗಿ ಹೇಳಿದ: "ಗಾಳಿ, ಸರಿ. ಬ್ರೇಕು, ಸರಿ. ಚೈನು, ಸರಿ. ಬೆನ್ನಿನ ಚೀಲ, ಸರಿ." ಹತ್ತಿದ, ಹೊರಟೇಬಿಟ್ಟ.

ಆಹಾ, ಏನು ಹಗುರ! ಪೆಡಲು ತುಳಿಯುವುದೇ ಬೇಡ. ಬೆಳಿಗ್ಗೆಯಿಂದ ಏದುಸಿರು ಬಿಡುತ್ತಿದ್ದವನಿಗೆ ಈಗ ಹದಿನೆಂಟರ ಹುಮ್ಮಸ್ಸು! 'ಮೈ ಪಳಗಿತು ನೋಡು,' ಎಂದು ತನ್ನ ಕಾಲುಗಳನ್ನು ತಾನೇ ಹೊಗಳಿಕೊಂಡ. ಇಳಿಜಾರು ಮುಗಿದು ಸೇತುವೆ ಸಿಕ್ಕಿದಾಗ ಬ್ರೇಕು ಹಿಡಿದು, ಒಂದು ಕಾಲು ನೆಲಕ್ಕೂರಿ ನಿಂತುಕೊಂಡ.

ಏಕೆ ನಿಂತ ಎಂದರೆ, ಯಾವಾಗಲೂ ನಿಲ್ಲುತ್ತಿದ್ದ. ಗಂಡ ಹೆಂಡಿರ ಸವಾರಿಯಲ್ಲಿ ಕೆಲಸ ಹಂಚಿಹೋಗಿತ್ತು. ಸೈಕಲ್ಲು ನೋಡುವುದು ಇವನ ಪಾಲು. ಇವನು ಮುಂದೆ ಹೊರಟ ಮೇಲೆ ಅವಳು ಕೂತೆದ್ದ ಜಾಗದ ಮೇಲೆ ಒಮ್ಮೆ ಕಣ್ಣಾಡಿಸಿ, ಇವನು ಬಿಟ್ಟುಬಂದ ಟೋಪಿಯನ್ನೋ ನೀರಿನ ಬಾಟಲಿಯನ್ನೋ ಎತ್ತಿಕೊಂಡು ಹಿಂದಿನಿಂದ ಬಂದು ಸೇರುತ್ತಿದ್ದಳು. ಬಂದವಳೇ "ಇದು ಯಾರ ತಾತಂದು?" ಎಂದು ಕೈಯೆತ್ತಿ ತೋರಿಸುತ್ತಿದ್ದಳು. ಇವನು ಹಲ್ಲು ಕಿರಿಯುತ್ತಿದ್ದ. ಇವತ್ತೂ ಹಲ್ಲು ಕಿರಿಯಲು ಸಿದ್ಧನಾಗಿ, ಅವಳ ಸೈಕಲ್ಲಿನ ಗಂಟೆಗಾಗಿ ಕಿವಿಗೊಟ್ಟು ನಿಂತ.

ಗಂಟೆ ಕೇಳಲಿಲ್ಲ. ಅವಳಿಲ್ಲ ಎಂಬುದು ಮೊದಲು ನೆನಪಾಯಿತು. ಹಿಂದೆಯೇ, ಹಾಗಾದರೆ ಮರೆತದ್ದನ್ನು ತರುವವರು ಯಾರು ಎಂಬ ಪ್ರಶ್ನೆ ಬಂತು. ತಿರುಗಿ ನೋಡಿದ. ಸೈಕಲ್ಲಿನ ಹಿಂದೆ ಗಾಡಿಯೇ ಇಲ್ಲ!

ಆ ಏರನ್ನು ಅವನು ಹೇಗೆ ಹತ್ತಿದ ಎಂಬುದು ಅವನಿಗೂ ಗೊತ್ತಿಲ್ಲ. ಅರ್ಧ ತುಳಿದ, ಅರ್ಧ ನೂಕಿದ. ಉದ್ದಕ್ಕೂ "ಪಾಪು, ಪಾಪು" ಎಂದು ಒದರುತ್ತಿದ್ದ. ಮೇಲೆ ಬಂದು ನೋಡಿದರೆ ಗಾಡಿ ಅಲ್ಲೇ ಇದೆ, ಒಳಗೆ ಮಗುವಿಲ್ಲ!

ಅಷ್ಟರಲ್ಲಿ ಅಂಗಡಿಯಾಕೆ ಪಾಪುವನ್ನು ಸೊಂಟದ ಮೇಲಿಟ್ಟುಕೊಂಡು ಹೊರಗೆ ಬಂದಳು. ಪಾಪುವಿನ ಎರಡು ಕೈಯಲ್ಲೂ ಬಿಸ್ಕತ್ತು.

"ಇದು ನಿಮ್ಮದಾ?"

"ನಂದೇ! ನಂದೇ ಕಣಮ್ಮ!"

"ಕೊಡೆ ಮರೆತು ಹೋದವರನ್ನ ನೋಡಿದೀನಿ. ಪರ್ಸು ಮರೆತು ಹೋದವರನ್ನೂ ನೋಡಿದೀನಿ. ಇಷ್ಟು ದೊಡ್ಡ ವಸ್ತು ಮರೆತವರು ನೀವೇ ಮೊದಲು! ಎಲ್ಲಿ, ಗುರುತು ಹೇಳಿ ನೋಡೋಣ."

"ಕೆಳಗೆ ಎರಡು ಹಲ್ಲು. ಎಡಗಾಲಿಗೆ ಕಾಲುಚೀಲ ಇಲ್ಲ."

"ಅದು ನನಗೂ ಕಾಣ್ತಿದೆ. ಇದರ ಅಮ್ಮ ಎಲ್ಲಿ?"

"ಹಿಂದೆ ಬರ್ತಿದಾಳೆ," ಎಂದಿತು ಲಿಫ್ಟಪ್ಪನ ಬಾಯಿ. ಅವನನ್ನು ಒಂದು ಮಾತು ಕೇಳದೆ, ತನ್ನಷ್ಟಕ್ಕೆ ತಾನೇ ಅಂದುಬಿಟ್ಟಿತು.

"ಹಾಗೆ ಹೇಳಿ ಮತ್ತೆ! ಆ ತಾಯಿ ಬರಲಿ, ಅವರ ಕೈಗೇ ಕೊಡ್ತೀನಿ. ನಿಮ್ಮನ್ನ ನಂಬೋ ಹಾಗಿಲ್ಲ. ಕೂತ್ಕೊಳ್ಳಿ."

ಲಿಫ್ಟಪ್ಪ ಬೆಂಚಿನ ಮೇಲೆ ಕೂತ. ಎದ್ದು ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೂತುಬಿಟ್ಟ! ಆಕೆ ಚಹಾ ಕೊಟ್ಟಳು. ಇಬ್ಬರೂ ರಸ್ತೆ ನೋಡತೊಡಗಿದರು. ದೂರದಲ್ಲಿ ಒಂದು ಸೈಕಲ್ಲು ಕಂಡಿತು.

"ಅವರೇನಾ?"

"ಅಲ್ಲ."

ಮತ್ತೊಂದು ಸೈಕಲ್ಲು. "ಇವರು?"

"ಅವಳಲ್ಲ."

"ತುಂಬಾ ನಿಧಾನ ಕಣ್ರೀ ನಿಮ್ಮ ಮನೆಯವರು!"

"ನಿಧಾನವೇ," ಎಂದ ಲಿಫ್ಟಪ್ಪ. "ಎಲ್ಲಾ ನೋಡ್ಕೊಂಡು ಬರ್ತಾಳೆ." ಹೇಳುವಾಗ ಅವನಿಗೆ ಎಷ್ಟು ಸುಖವಾಯಿತೆಂದರೆ ಚಹಾ ಆರಿದ್ದೂ ತಿಳಿಯಲಿಲ್ಲ. ಹೀಗೇ ಸಂಜೆಯವರೆಗೂ, ನಾಳೆಯವರೆಗೂ ಕಾಯಬಹುದು ಅನ್ನಿಸಿತು. ಮೂರನೆಯ ಸೈಕಲ್ಲು ಹತ್ತಿರ ಬಂತು. ತುಳಿಯುತ್ತಿದ್ದದ್ದು ಹೆಂಗಸೇ. ಅಂಗಡಿಯಾಕೆ ಪಾಪುವಿನ ಕೈ ಹಿಡಿದು ಬೀಸಿ, "ನೋಡು ಚಿನ್ನಾ, ಅಮ್ಮ ಬಂದ್ಲು, ಅಮ್ಮ!" ಎಂದಳು. ಪಾಪು ಬಿಸ್ಕತ್ತು ಬಿಟ್ಟು ಎರಡೂ ಕೈ ಚಾಚಿದಳು. ಹೆಂಗಸು ಇತ್ತ ನೋಡದೆ ಹೊರಟುಹೋದಳು. ಪಾಪುವಿನ ಕೈ ಇನ್ನೂ ಚಾಚಿಯೇ ಇತ್ತು.

ಲಿಫ್ಟಪ್ಪನಿಗೆ ತಡೆಯಲಾಗಲಿಲ್ಲ. "ಅವಳು ಬರಲ್ಲ ಕಣಮ್ಮ," ಎಂದ. "ಹೋಗಿಬಿಟ್ಟಳು. ಇನ್ನು ಬರಲ್ಲ."

ಆ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಂಗಡಿಯಾಕೆ ಪಾಪುವನ್ನು ಗಾಡಿಯಲ್ಲಿ ಕೂರಿಸಿ, ಕೊಕ್ಕೆಯನ್ನು ತಾನೇ ಸಿಕ್ಕಿಸಿ, ಎಳೆದೆಳೆದು ನೋಡಿ, "ಹುಷಾರಪ್ಪಾ," ಎಂದಳು.

ಕತ್ತಲು ಇನ್ನೇನು ಇಳಿಯಬೇಕು, ಆಗ ಸೈಕಲ್ಲು ಅತ್ತೆಯ ಮನೆಯ ಗೇಟು ಮುಟ್ಟಿತು. ಅತ್ತೆ ರಸ್ತೆಯಲ್ಲೇ ನಿಂತಿದ್ದರು. ಮಗುವನ್ನು ಎತ್ತಿಕೊಂಡು ಮೈಯೆಲ್ಲ ತಡವಿದರು. ಪಾಪು ಅಜ್ಜಿಯ ಮೂಗು ಹಿಡಿದು ಕಿಲಕಿಲ ನಕ್ಕಳು. ಅತ್ತೆಯ ಮುಖ ಬಾಡಿತು.

"ಆಯ್ತು ಅಳಿಯಂದಿರೇ. ನೀವೇ ಗೆದ್ರಿ. ಇನ್ನು ಕೇಳಲ್ಲ."

ದಿಗ್ವಿಜಯ! ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಗೆದ್ದಿಲ್ಲ ಅತ್ತೆ. ದಾರೀಲಿ ಮರೆತು ಬಂದುಬಿಟ್ಟಿದ್ದೆ."

"ಏನನ್ನ?"

"ಪಾಪುನ."

ಅತ್ತೆ ಮಗುವನ್ನು ಬಿಗಿಯಾಗಿ ಅವಚಿಕೊಂಡರು. "ಮಗುನ ಹೇಗ್ರೀ ಮರೀತೀರಿ?"

"ಅವಳು... ಹಿಂದೆ ತರ್ತಾಳೆ ಅಂದ್ಕೊಂಡೆ."

ಅತ್ತೆ ಬೈಯುತ್ತಾರೆ ಎಂದು ಲಿಫ್ಟಪ್ಪ ತಲೆ ತಗ್ಗಿಸಿ ನಿಂತ. ಅತ್ತೆ ಗೇಟಿನ ಪಕ್ಕದ ಕಟ್ಟೆಯ ಮೇಲೆ ಮೆಲ್ಲನೆ ಕೂತುಕೊಂಡರು.

"ನಾನೂ ಮಧ್ಯಾಹ್ನದಿಂದ ರಸ್ತೇಲಿ ಎರಡು ಸೈಕಲ್ಲು ಹುಡುಕ್ತಾ ನಿಂತಿದ್ದೆ ಕಣೋ," ಎಂದರು. ಇಷ್ಟು ವರ್ಷ 'ನೀವು' ಎಂದವರು ಈಗ ಏಕವಚನಕ್ಕೆ ಇಳಿದಿದ್ದರು. "ಮಗು ಒಂದನ್ನೇ ಕೇಳಿದ್ದು ನನ್ನ ತಪ್ಪು. ನೀನೂ ಇಲ್ಲೇ ಇರು. ಕೆಲಸಕ್ಕೆ ಇಲ್ಲಿಂದಲೇ ರೈಲಲ್ಲಿ ಹೋಗಿ ಬಾ. ಈ ಊರಲ್ಲೂ ಲಿಫ್ಟುಗಳು ಕೆಡ್ತಾವೆ."

ಲಿಫ್ಟಪ್ಪ ಏನೋ ಹೇಳಲು ಬಾಯಿ ತೆರೆದ. ಮಾತಿನ ಬದಲು ಅಳು ಬಂತು. ಸಂತಾಪಕ್ಕೆ ಬಂದವರಿಗೆಲ್ಲ ತಾನೇ ಸಮಾಧಾನ ಹೇಳಿ ಕಳಿಸಿದ್ದ ಗಂಡಸು ಗೇಟು ಹಿಡಿದುಕೊಂಡು ಗೊಳೋ ಎಂದು ಅತ್ತ. ಅಪ್ಪನನ್ನು ನೋಡಿ ಪಾಪುವಿಗೆ ಗಾಬರಿಯಾಗಿ ಅವಳೂ ಕಿರುಚತೊಡಗಿದಳು. ನಾನು ಮೇಲೋ ನೀನು ಮೇಲೋ ಎಂಬಂತೆ ಇಬ್ಬರ ದನಿಯೂ ಏರಿತು. ಅಕ್ಕಪಕ್ಕದ ಮನೆಗಳ ಕಿಟಕಿಗಳು ತೆರೆದವು.

ಅತ್ತೆ ಸುರಿಯುವ ತಮ್ಮ ಕಣ್ಣೀರನ್ನು ಒರೆಸಿಕೊಳ್ಳುತ್ತ ಇಬ್ಬರನ್ನೂ ನೋಡಿದರು.

"ಅಯ್ಯೋ ದೇವರೇ, ಈಗ ಯಾರನ್ನ ಮೊದಲು ಸಮಾಧಾನ ಮಾಡ್ಲಿ?" ಎಂದರು. ಪಾಪುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತ, ಮಗುವಿನ ಮೂಗು ಒರೆಸುವ ಬಟ್ಟೆಯನ್ನು ಅಳಿಯನ ಕೈಗೆ ಕೊಟ್ಟರು.