ಮಾತ್ರೆ ಹಂಚಿಕೊಂಡ ಮೊಣಕಾಲುಗಳು

ಹೊಸ ಔಷಧವೊಂದು ಅಂಗಡಿಗೆ ಬರುವ ಮೊದಲು ಯಾರೋ ಒಬ್ಬರು ಅದನ್ನು ನುಂಗಿ ನೋಡಿರಬೇಕು ಎಂಬ ಸಂಗತಿ ಅರವತ್ತೆಂಟು ವರ್ಷ ನನ್ನ ತಲೆಗೆ ಹೊಳೆದಿರಲಿಲ್ಲ. ಮಡಕಶಿರಾದಲ್ಲಿ ನಾನು ಹೈಸ್ಕೂಲು ಓದುವಾಗ ನಮ್ಮ ಕಾಂಪೌಂಡರು ಎಲ್ಲ ಕಾಯಿಲೆಗೂ ಒಂದೇ ಗುಲಾಬಿ ಬಣ್ಣದ ನೀರು ಬಗ್ಗಿಸಿ ಕೊಡುತ್ತಿದ್ದ. ಸೀಸೆ ನಾವೇ ಒಯ್ಯಬೇಕು. ಅದರ ಪಕ್ಕಕ್ಕೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸುತ್ತಿದ್ದ. ಒಂದು ಹಲ್ಲಿಗೆ ಒಂದು ಹೊತ್ತು. ಜ್ವರವೂ ಹೋಗುತ್ತಿತ್ತು, ಹೊಟ್ಟೆನೋವೂ ಹೋಗುತ್ತಿತ್ತು. ಪರೀಕ್ಷೆಯ ದಿನ ಬಂದ ತಲೆನೋವಂತೂ ಸೀಸೆ ಕಂಡ ಕೂಡಲೇ ಹೋಗುತ್ತಿತ್ತು. ಆ ನೀರನ್ನು ಯಾರು ಪರೀಕ್ಷಿಸಿದ್ದರೋ ದೇವರೇ ಬಲ್ಲ. ಈಗ ವೈದ್ಯಶಾಸ್ತ್ರ ಬಹಳ ಮುಂದುವರಿದಿದೆ, ಎಲ್ಲವನ್ನೂ ಅಳೆದು ತೂಗಿ ನೋಡುತ್ತಾರೆ. ಹಾಗೆ ಅದು ಮುಂದುವರಿಯುತ್ತಿದ್ದಾಗ ನಡುವೆ ಕಾಲು ಚಾಚಿ ಕೂತವರಲ್ಲಿ ನಾನೂ ಒಬ್ಬ. ಅದನ್ನು ಒಪ್ಪಿಕೊಳ್ಳಲಿಕ್ಕೇ ಇವತ್ತು ಪೆನ್ನು ಹಿಡಿದಿದ್ದೇನೆ.

ಊರು ಬಿಟ್ಟು ರಾಯದುರ್ಗಕ್ಕೆ ಬಂದು ಜೀನ್ಸ್ ಪ್ಯಾಂಟಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆದವನು ನಾನು. ಬಟ್ಟೆಯನ್ನು ಪದರಪದರವಾಗಿ ಮೇಜಿನ ಮೇಲೆ ಹಾಸಿ, ಗುರುತು ಹಾಕಿ, ಮೆಷಿನ್ನಿನಿಂದ ಕತ್ತರಿಸುವ ಕೆಲಸ. ದಿನವಿಡೀ ನಿಂತೇ ಇರಬೇಕು. ನಾನು ಕತ್ತರಿಸಿದ್ದನ್ನು ಹೊಲಿಯುತ್ತಿದ್ದವನು ಕಣೇಕಲ್ಲಿನ ತಿಪ್ಪೇಸ್ವಾಮಿ, ನನ್ನ ಬಾಯಲ್ಲಿ ತಿಪ್ಪಣ್ಣ. ಬಟ್ಟೆಯ ಎಳೆ ನೋಡದೆ ಕತ್ತರಿಸಿದರೆ ಒಗೆದ ಮೇಲೆ ಪ್ಯಾಂಟಿನ ಕಾಲು ತಿರುಚಿಕೊಳ್ಳುತ್ತದೆ. ಅದು ಕತ್ತರಿಸಿದವನ ತಪ್ಪು. ಆದರೆ ಮಾಲೀಕರು ಬೈಯುತ್ತಿದ್ದದ್ದು ಹೊಲಿದವನನ್ನು. ತಿಪ್ಪಣ್ಣ ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದ, ನಾನು ಗಂಭೀರವಾಗಿ ಟೇಪು ಸುತ್ತುತ್ತಿದ್ದೆ. ಇದೊಂದೇ ಸಾಲಿನಿಂದ ಓದುಗರಿಗೆ ನಮ್ಮಿಬ್ಬರ ಸ್ವಭಾವವೂ ತಿಳಿದಿರಬೇಕು.

ಮಧ್ಯಾಹ್ನ ಊಟಕ್ಕೆ ಕೂತಾಗ ಮಾತ್ರ ಅಲ್ಲಿ ಮಾಸ್ಟರೂ ಇಲ್ಲ, ಟೈಲರೂ ಇಲ್ಲ. ಎಲ್ಲರ ಬುತ್ತಿಯೂ ನಡುವೆ ಬರಬೇಕು. ಒಬ್ಬನ ಜೋಳದ ರೊಟ್ಟಿ, ಇನ್ನೊಬ್ಬನ ಚಿತ್ರಾನ್ನ, ಮತ್ತೊಬ್ಬನ ಬದನೆಕಾಯಿ ಪಲ್ಯ ಎಲ್ಲವನ್ನೂ ಕೂಡಿಸಿ ಹಂಚಿಕೊಂಡು ತಿನ್ನಬೇಕು. ತನ್ನ ಡಬ್ಬಿಯನ್ನು ತಾನೇ ತಿಂದವನನ್ನು ಮಾತಾಡಿಸುತ್ತಿರಲಿಲ್ಲ. ಈ ಒಳ್ಳೆಯ ಪದ್ಧತಿಯನ್ನು ನಾನು ಮುಂದೆ ಎಂಥ ಕೆಲಸಕ್ಕೆ ಬಳಸಿಕೊಂಡೆ ಎಂಬುದೇ ಕಥೆ.

ವಯಸ್ಸಾದ ಮೇಲೆ ಇಬ್ಬರ ಮೊಣಕಾಲೂ ಕೆಟ್ಟವು. ನನಗೆ ಮನೆಯಲ್ಲಿ ಕೂತು ತಿನ್ನುವ ಅನುಕೂಲವಿತ್ತು. ತಿಪ್ಪಣ್ಣನಿಗೆ ಇರಲಿಲ್ಲ, ಬೆಲ್ಟು ತೂರಿಸುವ ಪಟ್ಟಿಗಳ ಗಂಟನ್ನು ಮನೆಗೆ ತಂದು ಹೊಲಿದುಕೊಡುತ್ತಿದ್ದ. ಕಾಲು ಆಡದಿದ್ದರೆ ಮೆಷಿನ್ನೂ ಆಡದು. ಆ ಹೊತ್ತಿಗೆ ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಮೊಣಕಾಲು ಸವೆತಕ್ಕೆ ಹೊಸ ಮಾತ್ರೆಯ ಸಂಶೋಧನೆ ನಡೆಯುತ್ತಿದೆ ಎಂದು ತಿಳಿದು ಇಬ್ಬರೂ ರೈಲು ಹತ್ತಿದೆವು. ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ ಎಲ್ಲವನ್ನೂ ಅರ್ಧ ಗಂಟೆ ವಿವರಿಸಿದರು. ಕೆಲವು ಡಬ್ಬಿಗಳಲ್ಲಿ ನಿಜವಾದ ಔಷಧ, ಕೆಲವುಗಳಲ್ಲಿ ನೋಡಲು ಹಾಗೇ ಇರುವ ಬರೀ ಪುಡಿಯ ಮಾತ್ರೆ. ಯಾರಿಗೆ ಯಾವುದು ಎಂದು ನಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ.

"ಡಾಕ್ಟ್ರಿಗೇ ಗೊತ್ತಿಲ್ಲಂದ್ರ ಹೆಂಗ್ರೀ?" ಎಂದು ತಿಪ್ಪಣ್ಣ ಗಾಬರಿಯಾದ.

"ಗೊತ್ತಿದ್ರ ನಮ್ಮ ಮುಖಾನೇ ಹೇಳಿಬಿಡ್ತದ ತಾತಾ," ಎಂದು ಅವರು ನಕ್ಕರು. "ಆಮ್ಯಾಲ ಔಷಧ ಕೆಲಸ ಮಾಡ್ತೋ, ನಮ್ಮ ಮುಖ ಕೆಲಸ ಮಾಡ್ತೋ ತಿಳಿಯಂಗಿಲ್ಲ."

ಎಂಟು ಪುಟದ ಒಪ್ಪಿಗೆ ಪತ್ರ ಕೊಟ್ಟರು. ತಿಪ್ಪಣ್ಣನಿಗೆ ಓದು ಬರದು. ಡಾಕ್ಟ್ರಮ್ಮ ಹೇಳುತ್ತಿದ್ದಾಗ ಅವನು ಭಕ್ತಿಯಿಂದ ತಲೆಯಾಡಿಸುತ್ತ ಗೋಡೆಯ ಮೇಲಿದ್ದ ಎಲುಬಿನ ಚಿತ್ರ ನೋಡುತ್ತಿದ್ದ. ನಾನು ಒಂದಕ್ಷರ ಬಿಡದೆ ಓದಿದೆ. ಆರನೆಯ ಪುಟದಲ್ಲಿ, ನಿಮ್ಮ ಮಾತ್ರೆಯನ್ನು ಬೇರೆಯವರಿಗೆ ಕೊಡಬಾರದು, ಬೇರೆಯವರದನ್ನು ತೆಗೆದುಕೊಳ್ಳಬಾರದು ಎಂದು ದಪ್ಪ ಅಕ್ಷರದಲ್ಲೇ ಇತ್ತು. ನನ್ನ ಕಣ್ಣು ಆಗ ಚೆನ್ನಾಗಿಯೇ ಇತ್ತು.

ಮಾತ್ರೆಯ ಜೊತೆ ಒಂದು ಪುಸ್ತಕ. ವಾರಕ್ಕೊಂದು ಪುಟ, ಪ್ರತಿ ಪುಟದಲ್ಲೂ ಒಂದು ಉದ್ದ ಗೆರೆ. ಎಡತುದಿಯೆಂದರೆ ನೋವೇ ಇಲ್ಲ, ಬಲತುದಿಯೆಂದರೆ ತಡೆಯಲಾರದ ನೋವು. ನಮ್ಮ ನೋವು ಎಲ್ಲಿದೆಯೋ ಅಲ್ಲಿ ಗೀಟು ಹಾಕಬೇಕು. ಜೀವನವೆಲ್ಲ ಬಟ್ಟೆಯ ಮೇಲೆ ಗೀಟು ಹಾಕಿದ ನನಗೆ ಈ ಗೀಟು ಹಾಕಲು ಒಂದು ಬೆಳಗ್ಗೆಯೇ ಹಿಡಿಯುತ್ತಿತ್ತು. ತಿಪ್ಪಣ್ಣ ಬೆರಳಿಟ್ಟು ತೋರಿಸುತ್ತಿದ್ದ, ಅವನ ಪುಸ್ತಕದಲ್ಲೂ ನಾನೇ ಗೀಟು ಎಳೆಯುತ್ತಿದ್ದೆ. ಮೊದಲ ವಾರ ಅವನ ಬೆರಳು ಬಲಕ್ಕಿತ್ತು. ಎರಡನೆಯ ವಾರ ನಡುವಿಗೆ ಬಂತು. ತಿಂಗಳು ತುಂಬುವ ಹೊತ್ತಿಗೆ ಅದು ಎಡತುದಿಯ ಹತ್ತಿರ ಓಡಾಡುತ್ತಿತ್ತು. ನನ್ನ ಗೀಟು ಮಾತ್ರ ಜೋಡಿ ಹೊಲಿಗೆ ಹಾಕಿದ ಹಾಗೆ ಬಲಗಡೆಯೇ ಕೂತಿತ್ತು.

"ಮಾಸ್ಟ್ರೇ, ನಿನ್ನಿ ನೆಲದ ಮ್ಯಾಲ ಕುಂತು ಊಟ ಮಾಡೀನಿ ನೋಡ್ರಿ. ಗ್ವಾಡಿ ಹಿಡೀಲಾರ್ದ ಎದ್ದೆ!" ಎಂದು ಅವನು ಹಿಗ್ಗಿದ.

"ಸಂತೋಷ ಕಣಪ್ಪಾ," ಎಂದೆ. ಸಂತೋಷ ಆಗಿರಲಿಲ್ಲ. ಇವನಿಗೆ ಔಷಧದ ಡಬ್ಬಿ, ನನಗೆ ಪುಡಿಯ ಡಬ್ಬಿ ಎಂದು ಖಾತ್ರಿಯಾಗಿತ್ತು. ಎಂಟೂ ಪುಟ ಓದಿದವನು ನಾನು, ಎಲುಬಿನ ಚಿತ್ರ ನೋಡುತ್ತ ಕೂತವನಿಗೆ ಔಷಧವೇ? ನಾಲ್ಕು ದಿನ ಇದೇ ಉರಿಯಲ್ಲಿದ್ದು, ಐದನೆಯ ದಿನ ಅವನ ಮನೆಗೆ ಹೋಗಿ ನ್ಯಾಯದ ಮಾತು ತೆಗೆದೆ.

"ನೋಡು ತಿಪ್ಪಣ್ಣ, ಇಬ್ಬರಲ್ಲಿ ಒಬ್ಬನಿಗೆ ಪುಡಿ ಸಿಕ್ಕಿರ್‍ಬಹುದು. ಯಾರಿಗೆ ಅಂತ ಯಾರಿಗ್ಗೊತ್ತು? ನಿನಗೇ ಸಿಕ್ಕಿದ್ರೆ? ನಾವು ಯಾವತ್ತಾದ್ರೂ ಬುತ್ತಿ ಬೇರೆಬೇರೆ ತಿಂದಿದ್ದೀವಾ? ಎರಡೂ ಡಬ್ಬಿ ಕೂಡಿಸಿ ಸಮನಾಗಿ ಹಂಚ್ಕೊಳ್ಳೋಣ. ಯಾರಿಗೂ ಮೋಸ ಇಲ್ಲ."

ತಿಪ್ಪಣ್ಣ ಮೆಷಿನ್ ನಿಲ್ಲಿಸಿ ಯೋಚಿಸಿದ. "ನನಗ ಚಲೋ ಆಗೇತ್ರಿ. ಆದ್ರ ನೀವು ಹೇಳೂದೂ ಖರೇ, ಒಬ್ಬನ ಉಣ್ಣಬಾರ್ದು. ಕಾಗದದಾಗ ಹಂಗ ಮಾಡಬ್ಯಾಡ್ರಿ ಅಂತ ಏನಾರ ಬರದಾರೇನ್ರೀ?"

"ಏನೂ ಇಲ್ಲ," ಎಂದೆ.

ಅವನ ಹೆಂಡತಿ ಗಂಗಮ್ಮ ಒಳಗಿನಿಂದಲೇ, "ಚಲೋ ಆದ ಕಾಲನ್ನ ಯಾಕ ಕೆದಕತೀರಿ? ಬುತ್ತಿ ಹಂಚಿಕೊಂಡಂಗ ರೋಗಾನೂ ಹಂಚಿಕೋತಾರೇನು?" ಎಂದಳು. ಹೈಸ್ಕೂಲು ಮೆಟ್ಟಿಲು ಹತ್ತದ ಹೆಂಗಸಿನ ಮಾತನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳದೇ ಸ್ಟೀಲ್ ಡಬ್ಬಿಯಲ್ಲಿ ಎರಡೂ ಸುರಿದು, ಮುಚ್ಚಳ ಹಾಕಿ ಚೆನ್ನಾಗಿ ಅಲ್ಲಾಡಿಸಿ, ಸಮನಾಗಿ ತುಂಬಿಕೊಂಡೆವು.

ಅಲ್ಲಿಂದಾಚೆಗೆ ನನ್ನ ಗೀಟು ಎಡಕ್ಕೆ ಹೊರಟಿತು. ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋಗಿ ಚಹಾ ಕುಡಿದು ಬರುವಷ್ಟಾದೆ. ತಿಪ್ಪಣ್ಣನ ಬೆರಳು ಮಾತ್ರ ವಾರವಾರವೂ ಬಲಕ್ಕೆ ಸರಿಯತೊಡಗಿತು. ಅವನು ಬೆರಳಿಟ್ಟಲ್ಲಿ ನಾನು ಗೀಟು ಎಳೆಯಬೇಕಲ್ಲ. ಒಂದು ವಾರ ಗೀಟು ಸ್ವಲ್ಪ ಎಡಕ್ಕೇ ಬಿತ್ತು. "ಅಲ್ಲಲ್ರೀ, ಇನ್ನಾ ಈಚಿಗೆ," ಎಂದು ತಿಪ್ಪಣ್ಣನೇ ತಿದ್ದಿಸಿದ. ಎರಡನೆಯ ತಿಂಗಳ ಕೊನೆಗೆ ಅವನು ಗೋಡೆ ಹಿಡಿದರೂ ಏಳಲಾರದಾದ. ಪಟ್ಟಿಯ ಗಂಟುಗಳು ಮೂಲೆಯಲ್ಲಿ ಬಿದ್ದಿದ್ದವು. ಕಾರ್ಖಾನೆಯವರು ಬಂದು, ಮುಂದಿನ ಸಲವೂ ಹೀಗಾದರೆ ಕೆಲಸ ಬೇರೆಯವರಿಗೆ ಕೊಡುತ್ತೇವೆ ಎಂದು ಹೇಳಿ ಹೋದರು. ನಾನು ಅದನ್ನು ಕೇಳುವಾಗ ಅವನ ಮಂಚದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ಆ ಕಾಲು ಹಾಗೆ ಏರುತ್ತಿರುವುದು ಯಾರ ಔಷಧದಿಂದ ಎಂಬುದು ಹೊಳೆದು ಮೆಲ್ಲಗೆ ಇಳಿಸಿದೆ.

ತಿಂಗಳಿಗೊಮ್ಮೆ ಬಳ್ಳಾರಿಗೆ ಹೋದಾಗ ಡಬ್ಬಿಯಲ್ಲಿ ಉಳಿದ ಮಾತ್ರೆಗಳನ್ನು ಎಣಿಸುತ್ತಾರೆ. ಹಂಚುವುದರಲ್ಲಿ ನಾವು ಅಷ್ಟು ಪ್ರಾಮಾಣಿಕರಾಗಿದ್ದರಿಂದ ಆ ಸಲವೂ ಒಂದೂ ಹೆಚ್ಚುಕಡಿಮೆ ಬರಲಿಲ್ಲ. ಡಾಕ್ಟ್ರಮ್ಮ ಅಲ್ಲಿ ಕೂತಿದ್ದ ಬೇರೆ ರೋಗಿಗಳಿಗೆ ನಮ್ಮನ್ನು ತೋರಿಸಿ, "ಈ ಇಬ್ಬರು ತಾತಂದಿರ್‍ನ ನೋಡಿ ಕಲೀರಿ. ಎಷ್ಟು ಶಿಸ್ತು!" ಎಂದರು. ತಿಪ್ಪಣ್ಣ ನಾಚಿಕೊಂಡು ಕೈ ಮುಗಿದ. ಆಮೇಲೆ ಅವನ ಪುಸ್ತಕ ತೆರೆದು ಅವರ ಮುಖ ಸಣ್ಣದಾಯಿತು. "ಅಷ್ಟು ಕಡಿಮಿ ಆಗಿತ್ತಲ್ಲ ತಾತಾ, ಮತ್ತ ಯಾಕ ಹೀಂಗಾತು? ಈ ಮಾತ್ರೆ ನಿಮಗ ತೊಂದರೆ ಮಾಡ್ತಿದ್ರ ನಿಲ್ಲಿಸಬೇಕಾಗ್ತದ," ಎಂದರು. "ಬ್ಯಾಡ್ರಿ ಅವ್ವಾ, ನಿಲ್ಲಸಬ್ಯಾಡ್ರಿ, ಇದ ನನಗ ಆಧಾರ," ಎಂದು ತಿಪ್ಪಣ್ಣ ಅವರ ಮೇಜನ್ನೇ ಹಿಡಿದುಕೊಂಡ.

ಆಗ ನನ್ನ ಬಾಯಿ ತಾನಾಗಿ ತೆರೆಯಿತು. ಡಬ್ಬಿ ಕೂಡಿಸಿದ್ದನ್ನು ಹೇಳಿದೆ. ಉಪಾಯ ನನ್ನದೇ ಎಂದೂ ಹೇಳಿದೆ. ಬುತ್ತಿಯ ಪದ್ಧತಿ, ಸ್ನೇಹ, ಸಮಪಾಲು ಎಂದೆಲ್ಲ ವಿವರಿಸಿದೆ. ಹೊಟ್ಟೆಕಿಚ್ಚಿನ ವಿಷಯ ಮತ್ತು ಆರನೆಯ ಪುಟದ ವಿಷಯ ಅಲ್ಲಿ ಬರಲಿಲ್ಲ. ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. "ಏನ್ ಮಾಡಿದ್ರಿ ತಾತಾ," ಎಂದರು. "ನಿಮ್ಮಂಥವ್ರು ಎಷ್ಟೋ ಮಂದಿ ನುಂಗಿ, ಬರದು, ಆಮ್ಯಾಲ ಒಂದು ಉತ್ತರ ಸಿಗ್ತದ. ಮುಂದ ಯಾರ್‍ಯಾರೋ ಆ ಉತ್ತರ ನಂಬಿ ಮಾತ್ರೆ ತಗೋತಾರ." ನಡೆದದ್ದನ್ನೆಲ್ಲ ಬರೆದುಕೊಂಡು, ಇಬ್ಬರ ಮಾತ್ರೆಯನ್ನೂ ನಿಲ್ಲಿಸಿ, ತಿಪ್ಪಣ್ಣನನ್ನು ಮೂಳೆ ವೈದ್ಯರ ಹತ್ತಿರ ಕಳಿಸಿದರು. ಅವರ ಮಾಮೂಲಿ ಔಷಧ, ವ್ಯಾಯಾಮಗಳಿಂದ ಅವನು ಕುಂಟುತ್ತಲೇ ಮತ್ತೆ ಮೆಷಿನ್ನಿಗೆ ಕೂತ. ಕೆಲಸ ಹೋಗಲಿಲ್ಲ.

ಸಂಶೋಧನೆ ಮುಗಿದ ಮೇಲೆ ಡಾಕ್ಟ್ರಮ್ಮ ನಮ್ಮನ್ನು ಕರೆಸಿ ಗುಟ್ಟು ಬಿಟ್ಟುಕೊಟ್ಟರು. ಔಷಧದ ಡಬ್ಬಿ ನನ್ನದು. ತಿಪ್ಪಣ್ಣನದು ಬರೀ ಪುಡಿ.

ಹಾಗಾದರೆ ಅವನಿಗೆ ಮೊದಲು ವಾಸಿಯಾದದ್ದು ಹೇಗೆ ಎಂದು ಕೇಳಿದೆ. ಒಬ್ಬರು ಕಾಳಜಿಯಿಂದ ನೋಡಿಕೊಳ್ಳುತ್ತಿದ್ದಾರೆ, ಔಷಧ ಸಿಕ್ಕಿದೆ ಎಂಬ ಧೈರ್ಯಕ್ಕೇ ಕೆಲವರ ನೋವು ಖಂಡಿತ ಇಳಿಯುತ್ತದೆ, ಅದನ್ನು ಬೇರೆ ಮಾಡಿ ನೋಡಲಿಕ್ಕೇ ಪುಡಿ ಕೊಡುವುದು ಎಂದರು. ನನ್ನ ಔಷಧಕ್ಕೆ ಕೆಲಸ ತೋರಿಸಲು ಒಂದೆರಡು ತಿಂಗಳು ಬೇಕಿತ್ತಂತೆ. ಮತ್ತೆ ತಿಪ್ಪಣ್ಣನ ನೋವು ತಿರುಗಿ ಬಂದದ್ದೇಕೆ ಎಂದರೆ ಅವರಿಗೂ ಖಚಿತವಿರಲಿಲ್ಲ. ತಿಪ್ಪಣ್ಣನೇ ಉತ್ತರ ಹೇಳಿದ: "ಕೂಡಿಸಿದ ಮ್ಯಾಲ ಪ್ರತಿ ಸಲ ನುಂಗುವಾಗ ಇದು ನಂದೋ ಮಾಸ್ಟ್ರುದೋ ಅನಸ್ತಿತ್ರಿ. ಧೈರ್ಯನ ಬರಲಿಲ್ಲ."

ವಾಪಸು ರೈಲಿನಲ್ಲಿ ತಿಪ್ಪಣ್ಣ ಈಗ ಬೈಯುತ್ತಾನೆ ಎಂದು ನಾನು ಕಿಟಕಿಯ ಕಡೆ ತಿರುಗಿ ಕಾಯುತ್ತಿದ್ದೆ. ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು.

"ಮಾಸ್ಟ್ರೇ, ತಪ್ಪಾತ್ರಿ. ಖರೇ ಔಷಧ ನಿಮ್ದು. ಅದರಾಗ ಅರ್ಧ ನಾ ತಿಂದುಬಿಟ್ಟೆ. ಇಲ್ದಿದ್ರ ನಿಮಗ ಪೂರಾ ವಾಸಿ ಆಗ್ತಿತ್ತು. ಮನಸ್ಸಿನಾಗ ಇಟ್ಕೋಬ್ಯಾಡ್ರಿ."

ಎಲ್ಲವನ್ನೂ ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ತಿಳಿದಿತ್ತು. ಗಂಟಲು ಸರಿಮಾಡಿಕೊಂಡೆ.

"ಹೋಗ್ಲಿ ಬಿಡು ತಿಪ್ಪಣ್ಣ," ಎಂದೆ. "ನಾನೇನೂ ಬೇಜಾರು ಮಾಡ್ಕೊಂಡಿಲ್ಲ."

"ದೊಡ್ಡ ಮನಸ್ಸು ರೀ ನಿಮ್ದು," ಎಂದು ಅವನು ಕಣ್ಣೊರೆಸಿಕೊಂಡ. ನಾನು ಅಲ್ಲವೆನ್ನಲಿಲ್ಲ.